ಕಣ್ಣಿಗೆ ಒಂದೇ, ಪ್ರೋಗ್ರಾಂಗೆ ಬೇರೆ: ಟ್ಯೂಪಲ್ ಹೋಲಿಕೆಯ ದೋಷ ಹುಡುಕುವ ಬಗೆ

ಕೊಡಗಿನ ತೋಟಗಳಲ್ಲಿ ಮಳೆಯ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಾದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಬೆಳಿಗ್ಗೆ ಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುವ ಬೆಳೆಗಾರರು ಇಂದಿಗೂ ಇದ್ದಾರೆ. ಹೂಮಳೆ, ಅಂದರೆ ಕಾಫಿ ಗಿಡ ಹೂಬಿಡಲು ಬೇಕಾದ ಮಳೆ, ಯಾವ ದಿನ ಎಷ್ಟು ಬಿತ್ತು ಎಂಬುದರ ಮೇಲೆ ಮುಂದಿನ ಕಾಫಿ ಬೆಳೆಯ ಅಂದಾಜು ನಿಂತಿರುತ್ತದೆ. ಅಂತಹ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಪ್ರೋಗ್ರಾಂ ಒಂದನ್ನು ನಾನು ನೋಡಿಕೊಳ್ಳುತ್ತೇನೆ. ಅದರಲ್ಲಿ ಪ್ರತಿ ದಾಖಲೆಯೂ ಮೂರು ಅಂಶಗಳ ಟ್ಯೂಪಲ್, ಅಂದರೆ ಕೆಲವು ಮೌಲ್ಯಗಳನ್ನು ಕ್ರಮವಾಗಿ ಒಟ್ಟಿಗೆ ಕಟ್ಟಿದ ಗುಂಪು: (ಊರು, ದಿನಾಂಕ, ಸೆಂಟು). ಒಂದೇ ಪುಟವನ್ನು ಇಬ್ಬರು ಟೈಪ್ ಮಾಡಿ ಕಳುಹಿಸಿದಾಗ ಆ ಪುನರಾವರ್ತನೆಯನ್ನು ಹಿಡಿಯುವುದು ಟ್ಯೂಪಲ್‌ಗಳ ಹೋಲಿಕೆ. ಆ ಹೋಲಿಕೆ ಎಲ್ಲೆಲ್ಲಿ ಕೈಕೊಡುತ್ತದೆ, ಯಾವ ಲಕ್ಷಣ ಕಂಡರೆ ಎಲ್ಲಿ ನೋಡಬೇಕು ಎಂಬುದನ್ನು ಸುಲಭದ ತಪಾಸಣೆಯಿಂದ ಶುರುಮಾಡಿ ಬರೆದಿದ್ದೇನೆ.

ಮೊದಲು ಒಂದು ಮಾತು. ಅಂಗಳದಲ್ಲಿ ಎರಡು ಚೀಲ ಇವೆ, ಎರಡರಲ್ಲೂ 50 ಕಿಲೋ ರೊಬಸ್ಟಾ ಚೆರಿ ಎಂದುಕೊಳ್ಳಿ. "ಇದು ಅದೇ ಚೀಲವೇ?" ಎಂಬುದು ಗುರುತಿನ ಪ್ರಶ್ನೆ; ಉತ್ತರ ಅಲ್ಲ. "ಎರಡರಲ್ಲೂ ಇರುವುದು ಒಂದೇ ಬಗೆಯ, ಒಂದೇ ತೂಕದ ಸರಕೇ?" ಎಂಬುದು ರಚನಾತ್ಮಕ ಸಮತೆಯ ಪ್ರಶ್ನೆ, ಉತ್ತರ ಹೌದು. ಎರಡನೆಯ ಪ್ರಶ್ನೆಗೆ ಟ್ಯೂಪಲ್ ತಾನಾಗಿ ಉತ್ತರ ಕೊಡುವುದಿಲ್ಲ. ಉದ್ದ ಹೊಂದುತ್ತದೆಯೇ ಎಂದು ನೋಡಿ, ಬಳಿಕ ಒಂದೊಂದು ಅಂಶವನ್ನೂ ಅದರ ಎದುರಿನ ಅಂಶದ ಜೊತೆ ನಿಲ್ಲಿಸಿ ಅವುಗಳನ್ನೇ ಕೇಳುತ್ತದೆ. ಒಂದು ಅಂಶ ಅಲ್ಲ ಎಂದರೆ ಇಡೀ ಟ್ಯೂಪಲ್ ಅಲ್ಲ ಎನ್ನುತ್ತದೆ. ಆದ್ದರಿಂದ ದೋಷ ಬಹುಪಾಲು ಟ್ಯೂಪಲ್‌ನಲ್ಲಿ ಇರುವುದಿಲ್ಲ, ಅದರೊಳಗೆ ಕುಳಿತವರಲ್ಲಿ ಇರುತ್ತದೆ.

ಕೈ ಹಾಕುವ ಮುನ್ನ

ಹೋಲಿಕೆಯ ದೋಷವನ್ನು ಹುಡುಕುವಾಗ ಯಾವ ಸಾಲನ್ನೂ ಅಳಿಸಬೇಡಿ. "ಪುನರಾವರ್ತನೆ ಇರಬಹುದು" ಎಂದು ಗುರುತು ಹಾಕಿ ಬಿಡಿ. ದತ್ತಾಂಶದ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡೇ ಕೂರಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದ ಊರು ನಮ್ಮದು. ಡೇಟಾಬೇಸ್‌ನಲ್ಲಿ ಬದಲಾವಣೆ ಮಾಡಲೇಬೇಕಾದರೆ ಟ್ರಾನ್ಸಾಕ್ಷನ್ ಒಳಗೆ ಮಾಡಿ, ಆಗ ನಡುವೆ ನಿಂತರೂ ಅರ್ಧಂಬರ್ಧ ಉಳಿಯುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ದಿನಗಳ ಒಂದು ಸಾಲು ಕಳೆದುಹೋದರೆ ಅದನ್ನು ಮತ್ತೆ ಅಳೆದು ತರಲು ಯಾರಿಂದಲೂ ಆಗದು.

ಲಕ್ಷಣ: ಒಂದು ಸಾಲೂ ಹೊಂದುತ್ತಿಲ್ಲ

ಸಾವಿರ ಸಾಲು ಹೋಲಿಸಿದರೂ ಒಂದೂ ಸಮ ಎಂದು ಬರುವುದಿಲ್ಲ. ಇದು ಒಳ್ಳೆಯ ಲಕ್ಷಣ, ಏಕೆಂದರೆ ಕಾರಣ ಬಹುತೇಕ ಒಂದೇ: ನೀವು ಸಮತೆಯ ಬದಲು ಗುರುತನ್ನು ಕೇಳುತ್ತಿದ್ದೀರಿ. ನಿಮ್ಮ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೋಲಿಕೆಗೆ ಬಳಸಿದ ಚಿಹ್ನೆಯನ್ನು ನೋಡಿ.

ಪೈಥಾನ್‌ನಲ್ಲಿ == ಒಳಗನ್ನು ನೋಡುತ್ತದೆ, "ಈಸ್" ಗುರುತನ್ನು ನೋಡುತ್ತದೆ. ಕಾಟ್ಲಿನ್‌ನಲ್ಲಿ == ಎಂದರೆ ಈಕ್ವಲ್ಸ್ ಮೆಥಡ್‌ಗೆ ಕರೆ, === ಎಂದರೆ ಗುರುತು. ಜಾವಾದಲ್ಲಿ ಆಬ್ಜೆಕ್ಟ್‌ಗಳ ನಡುವಿನ == ಗುರುತು ಮಾತ್ರ; ಸಮತೆ ಬೇಕಾದರೆ ಈಕ್ವಲ್ಸ್ ಕರೆಯಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಟ್ಯೂಪಲ್ ಇಲ್ಲ, ಅದರ ಜಾಗದಲ್ಲಿ ಬಳಸುವ ಅರೇಗಳು (ಅಂಶಗಳ ಸಾಲುಗಳು) == ಆಗಲಿ === ಆಗಲಿ ಗುರುತನ್ನೇ ನೋಡುತ್ತವೆ. ಸಿ ಶಾರ್ಪ್‌ನಲ್ಲಿ ಹಳಬರೂ ಎಡವುತ್ತಾರೆ. ಅಲ್ಲಿ ಟ್ಯೂಪಲ್ ಎರಡು ಬಗೆ. 2010ರ ಡಾಟ್‌ನೆಟ್ 4ರಲ್ಲಿ ಬಂದ ಹಳೆಯ ಟ್ಯೂಪಲ್ ಕ್ಲಾಸ್, ==ಗೆ ಗುರುತನ್ನು ಹೇಳುತ್ತದೆ, ಈಕ್ವಲ್ಸ್‌ಗೆ ಒಳಗನ್ನು ಹೋಲಿಸುತ್ತದೆ. ಬ್ರಾಕೆಟ್ ಹಾಕಿ ಬರೆಯುವ ಹೊಸ ವ್ಯಾಲ್ಯೂಟ್ಯೂಪಲ್ 2017ರ ಸಿ ಶಾರ್ಪ್ 7ರ ಜೊತೆ ಬಂತು; ಅದರ ಮೇಲೆ == ಕೆಲಸ ಮಾಡಲು ಶುರುವಾದದ್ದು 7.3ರಿಂದ. ಹಳೆಯ ಕೋಡ್ ಮತ್ತು ಹೊಸ ಕೋಡ್ ಬೆರೆತ ಜಾಗದಲ್ಲಿ ಒಂದೇ ಚಿಹ್ನೆ ಎರಡು ಅರ್ಥ ಕೊಡುತ್ತದೆ.

ಚಿಹ್ನೆ ಸರಿಯಿದ್ದೂ ಏನೂ ಹೊಂದದಿದ್ದರೆ ಹೊರಗಿನ ಪಾತ್ರೆಯನ್ನು ನೋಡಿ. ಪೈಥಾನ್‌ನಲ್ಲಿ ಟ್ಯೂಪಲ್ ಮತ್ತು ಲಿಸ್ಟ್ ಒಳಗೆ ಒಂದೇ ಸರಕು ಇದ್ದರೂ ಎಂದಿಗೂ ಸಮವಲ್ಲ. ಜೇಸನ್ (ದತ್ತಾಂಶ ಬರೆದಿಡುವ ಒಂದು ಪಠ್ಯ ರೂಪ) ಕಡತದಲ್ಲಿ ಬರೆದು ಮತ್ತೆ ಓದಿದರೆ ಟ್ಯೂಪಲ್ ಹೋಗಿ ಲಿಸ್ಟ್ ಆಗಿ ಮರಳಿ ಬರುತ್ತದೆ. ಜಾವಾದಲ್ಲಿ ನೀವೇ ಬರೆದ ಜೋಡಿ ಕ್ಲಾಸ್‌ಗೆ ಈಕ್ವಲ್ಸ್ ಬರೆಯದೆ ಬಿಟ್ಟಿದ್ದರೆ, ಅದು ಮೂಲ ಆಬ್ಜೆಕ್ಟ್ ಕ್ಲಾಸ್‌ನಿಂದ ಬಂದ ಗುರುತಿನ ಹೋಲಿಕೆಯನ್ನೇ ಮಾಡುತ್ತದೆ. 2021ರಲ್ಲಿ ಬಂದ ಜಾವಾ 16ರಿಂದ ಮೌಲ್ಯಗಳನ್ನು ಕಟ್ಟಿಡುವ ರೆಕಾರ್ಡ್ ಎಂಬ ಕ್ಲಾಸ್ ಬಗೆ ಇದೆ. ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ (ಬೇಗ ಹುಡುಕಲೆಂದು ಒಳಗಿನ ಸರಕಿನಿಂದ ಲೆಕ್ಕ ಹಾಕುವ ಸಂಖ್ಯೆ) ಎರಡನ್ನೂ ಅದೇ ಬರೆದುಕೊಡುತ್ತದೆ. ಹೊಸದಾಗಿ ಬರೆಯುವವರು ಅದನ್ನು ಬಿಟ್ಟು ಬೇರೆ ದಾರಿ ಹಿಡಿಯಲು ನನಗೆ ಕಾರಣ ಕಾಣುವುದಿಲ್ಲ.

ಲಕ್ಷಣ: ಕೆಲವು ಊರಿನ ಸಾಲುಗಳು ಮಾತ್ರ ಹೊಂದುತ್ತಿಲ್ಲ

ನನ್ನನ್ನು ಮೂರು ದಿನ ಕಾಡಿದ ದೋಷ ಇದು. ಜಿಲ್ಲೆಯ ಐದು ತಾಲ್ಲೂಕುಗಳ ಸಾಲುಗಳಲ್ಲಿ ಕುಶಾಲನಗರದವು ಮಾತ್ರ ಸರಿಯಾಗಿ ಹೊಂದಿಕೊಳ್ಳುತ್ತಿದ್ದವು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ ಯಾವುದೂ ಇಲ್ಲ. ಪರದೆಯ ಮೇಲೆ ಅಕ್ಷರ ಅಕ್ಷರವೂ ಒಂದೇ.

ಇಂತಹ ವೇಳೆ ಊಹಿಸುತ್ತಾ ಕೂರಬೇಡಿ, ಟ್ಯೂಪಲ್ ಅನ್ನು ಬಿಚ್ಚಿ. ಹೊಂದದ ಒಂದೇ ಒಂದು ಜೋಡಿಯನ್ನು ತೆಗೆದುಕೊಂಡು ಮೊದಲ ಅಂಶಕ್ಕೆ ಮೊದಲ ಅಂಶ, ಎರಡನೆಯದಕ್ಕೆ ಎರಡನೆಯದು ಎಂದು ಹೋಲಿಸಿ, ಪ್ರತಿಯೊಂದಕ್ಕೂ ಅಂಶದ ಟೈಪ್ ಮತ್ತು ಫಲಿತಾಂಶ ಮುದ್ರಿಸಿ. ಐದು ಸಾಲಿನ ಕೋಡ್ ಸಾಕು, ಮುಂದಿನ ಅರ್ಧ ದಿನ ಉಳಿಯುತ್ತದೆ. ನನಗೆ ಊರಿನ ಹೆಸರಿನಲ್ಲೇ ಸುಳ್ಳು ಎಂದು ಬಂತು. ಆಮೇಲೆ ಹೆಸರಿನ ಉದ್ದ ಎಣಿಸಿದೆ: ಒಂದು ಕಡೆ "ಮಡಿಕೇರಿ" 7, ಇನ್ನೊಂದು ಕಡೆ 8. "ಸೋಮವಾರಪೇಟೆ" ಒಂದು ಕಡೆ 10, ಇನ್ನೊಂದು ಕಡೆ 13.

ಯೂನಿಕೋಡ್‌ನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ಬಗೆಯಲ್ಲಿ ಬರೆಯಬಹುದು. "ಕೇ"ಯ ದೀರ್ಘ ಏತ್ವಕ್ಕೆ ಒಂದೇ ಸಂಕೇತ ಇದೆ. ಹ್ರಸ್ವ ಎತ್ವದ ಸಂಕೇತದ ಪಕ್ಕದಲ್ಲಿ ದೀರ್ಘದ ಚಿಹ್ನೆಯನ್ನು ಇಟ್ಟೂ ಅದನ್ನೇ ಬರೆಯಬಹುದು. ಒತ್ವ ಎರಡು ತುಂಡಾಗುತ್ತದೆ, ದೀರ್ಘ ಓತ್ವ ಮೂರು ತುಂಡಾಗುತ್ತದೆ. ದೀರ್ಘ ಈತ್ವ, ಐತ್ವಗಳೂ ಹೀಗೆಯೇ. "ಕೊಡಗು" ಎಂಬ ಹೆಸರಿಗೇ ಐದು ಸಂಕೇತದ ರೂಪ ಒಂದು, ಆರು ಸಂಕೇತದ ರೂಪ ಇನ್ನೊಂದು. ಈಗ ತಾಲ್ಲೂಕುಗಳ ಹೆಸರನ್ನು ಮತ್ತೊಮ್ಮೆ ಓದಿ. ಒಡೆಯಬಲ್ಲ ಚಿಹ್ನೆ ಒಂದೂ ಇಲ್ಲದ ಹೆಸರು ಕುಶಾಲನಗರ ಮಾತ್ರ. ಅದಕ್ಕೇ ಅದು ಪಾರಾಗಿತ್ತು.

ಒಡೆದ ರೂಪ ಬಂದದ್ದು ಕಡತಗಳ ಹೆಸರಿನಿಂದ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಒಡೆದೇ ಇಟ್ಟುಕೊಳ್ಳುತ್ತದೆ. ಒಬ್ಬರು ಊರಿಗೊಂದು ಕಡತ ಮಾಡಿ ಕಳುಹಿಸಿದ್ದರು, ನನ್ನ ಪ್ರೋಗ್ರಾಂ ಕಡತದ ಹೆಸರನ್ನೇ ಊರಿನ ಹೆಸರಾಗಿ ಎತ್ತಿಕೊಂಡಿತ್ತು. ಪರಿಹಾರ ಸುಲಭ: ಟ್ಯೂಪಲ್ ಕಟ್ಟುವ ಮೊದಲೇ ಹೆಸರನ್ನು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತನ್ನಿ. ಪೈಥಾನ್, ಜಾವಾ, ಸಿ ಶಾರ್ಪ್, ಜಾವಾಸ್ಕ್ರಿಪ್ಟ್ ಎಲ್ಲದರಲ್ಲೂ ಇದಕ್ಕೆ ಸಿದ್ಧ ಸೌಲಭ್ಯ ಇದೆ. ಹೋಲಿಸುವಾಗ ಮಾಡುವುದಕ್ಕಿಂತ ಒಳಗೆ ಬರುವ ಬಾಗಿಲಲ್ಲೇ ಮಾಡುವುದು ಮೇಲು. ಇಲ್ಲವಾದರೆ ಹ್ಯಾಶ್ ಬೇರೆಯಾಗಿಯೇ ಉಳಿಯುತ್ತದೆ.

ಎನ್‌ಎಫ್‌ಸಿ ಎಲ್ಲವನ್ನೂ ಸರಿಮಾಡುವುದಿಲ್ಲ. "ವಿರಾಜ್‌ಪೇಟೆ" ಎಂದು ಬರೆದಾಗ ಅರ್ಧಾಕ್ಷರ ಒತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತ ನಡುವೆ ಕೂರುತ್ತದೆ. ಅದನ್ನು ಕುರುಡಾಗಿ ಕಿತ್ತರೆ "ವಿರಾಜ್ಪೇಟೆ" ಆಗಿ ಓದುವ ರೂಪವೇ ಕೆಡುತ್ತದೆ. ವಿರಾಜಪೇಟೆ, ವೀರಾಜಪೇಟೆ ಎಂಬ ಎರಡು ಬರವಣಿಗೆಗಳಂತೂ ಯೂನಿಕೋಡ್‌ನ ವಿಷಯವೇ ಅಲ್ಲ. ಊರಿನ ಹೆಸರುಗಳಿಗೆ ಒಂದು ಪಟ್ಟಿ ಇಟ್ಟು, ಎಲ್ಲ ರೂಪಗಳನ್ನೂ ಒಂದು ಸಂಖ್ಯೆಗೆ ಕಟ್ಟಿ, ಟ್ಯೂಪಲ್‌ನಲ್ಲಿ ಆ ಸಂಖ್ಯೆಯನ್ನು ಇಡಿ.

ಲಕ್ಷಣ: ಊರು, ದಿನಾಂಕ ಸರಿ, ಮಳೆಯ ಅಳತೆ ಹೊಂದುವುದಿಲ್ಲ

ಟೈಪ್ ನೋಡಿ. ಒಂದು ಕಡೆ 250 ಎಂಬ ಸಂಖ್ಯೆ, ಇನ್ನೊಂದು ಕಡೆ "250" ಎಂಬ ಪಠ್ಯ ಇರಬಹುದು. ಪುಸ್ತಕ ನೋಡಿ ಟೈಪ್ ಮಾಡಿದವರು "೨೫೦" ಎಂದು ಕನ್ನಡ ಅಂಕಿಯಲ್ಲಿ ಹಾಕಿರಬಹುದು. ಪೈಥಾನ್ ಮತ್ತು ಜಾವಾದ ಪೂರ್ಣಾಂಕ ಪರಿವರ್ತನೆ ಕನ್ನಡ ಅಂಕಿಗಳನ್ನು ನೇರವಾಗಿ ಓದುತ್ತದೆ, ಆದ್ದರಿಂದ ಪರಿವರ್ತಿಸಿದರೆ ಸಾಕು.

ಟೈಪ್ ಎರಡೂ ಕಡೆ ದಶಮಾಂಶವಾಗಿದ್ದರೆ ಕಾರಣ ಬೇರೆ. ಬೆಳಿಗ್ಗೆ 0.1 ಇಂಚು, ಸಂಜೆ 0.2 ಇಂಚು ಕೂಡಿಸಿದರೆ ಕಂಪ್ಯೂಟರಿಗೆ ಸಿಗುವುದು 0.30000000000000004. ಅದು 0.3ಕ್ಕೆ ಸಮವಲ್ಲ. ಹತ್ತನೇ ಒಂದು ಭಾಗವನ್ನು ಎರಡರ ಆಧಾರದ ಸಂಖ್ಯೆಯಲ್ಲಿ ಪೂರ್ತಿಯಾಗಿ ಬರೆಯಲಾಗದು, ಅಷ್ಟೇ. ನಮ್ಮ ಹಿರಿಯರು ಸೆಂಟಿನಲ್ಲಿ ಎಣಿಸಿದ್ದು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ: ಹತ್ತು ಸೆಂಟಿಗೆ ಇಪ್ಪತ್ತು ಸೆಂಟು ಸೇರಿದರೆ ಮೂವತ್ತು, ಯಾವ ಯಂತ್ರದಲ್ಲಾದರೂ ಮೂವತ್ತು. ಅಳತೆಯನ್ನು ಪೂರ್ಣಾಂಕದ ಸೆಂಟಾಗಿಯೇ ಇಟ್ಟುಕೊಳ್ಳಿ.

ಜಾವಾದ ಬಿಗ್‌ಡೆಸಿಮಲ್ ಬಳಸುವವರಿಗೆ ಒಂದು ಎಚ್ಚರಿಕೆ. ಅದರ ಈಕ್ವಲ್ಸ್ 2.5 ಮತ್ತು 2.50 ಬೇರೆ ಎನ್ನುತ್ತದೆ, ಏಕೆಂದರೆ ದಶಮಾಂಶದ ನಂತರದ ಸ್ಥಾನಗಳನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಕಂಪೇರ್‌ಟು ಕೇಳಿದರೆ ಎರಡೂ ಒಂದೇ. ಬಿಗ್‌ಡೆಸಿಮಲ್ ರೆಕಾರ್ಡ್ ಒಳಗೆ ಕುಳಿತರೆ ರೆಕಾರ್ಡ್ ಕೂಡ ಅದೇ ಹಠ ಹಿಡಿಯುತ್ತದೆ.

"ಒಂದು ಸೆಂಟಿನೊಳಗಿನ ವ್ಯತ್ಯಾಸ ಇದ್ದರೆ ಸಮ ಎನ್ನೋಣ" ಎಂದು ಈಕ್ವಲ್ಸ್ ಒಳಗೇ ಸಡಿಲಿಕೆ ಕೊಡುವ ಆಸೆ ಬರುತ್ತದೆ. ದಯವಿಟ್ಟು ಕೊಡಬೇಡಿ. ಆಗ 250 ಮತ್ತು 251 ಸಮ, 251 ಮತ್ತು 252 ಸಮ, ಆದರೆ 250 ಮತ್ತು 252 ಅಲ್ಲ. ಅಂತಹ ಸಮತೆಗೆ ಹೊಂದುವ ಹ್ಯಾಶ್ ಬರೆಯಬೇಕಾದರೆ ಎಲ್ಲ ಅಳತೆಗೂ ಒಂದೇ ಹ್ಯಾಶ್ ಕೊಡಬೇಕಾಗುತ್ತದೆ. ಹತ್ತಿರದ ಅಳತೆ ಬೇಕಾದರೆ ಬೇರೆ ಹೆಸರಿನ ಫಂಕ್ಷನ್ ಬರೆದುಕೊಳ್ಳಿ.

ದಿನಾಂಕದ್ದು ಒಂದೇ ಮಾತು. ಪೈಥಾನ್‌ನಲ್ಲಿ ಬರಿಯ ದಿನಾಂಕ ಮತ್ತು ಅದೇ ದಿನದ ಮಧ್ಯರಾತ್ರಿಯ ದಿನಾಂಕ-ಸಮಯ ಎಂದಿಗೂ ಸಮವಲ್ಲ. ಎರಡೂ ಕಡೆ ಒಂದೇ ಟೈಪ್ ಇರಲಿ.

ಲಕ್ಷಣ: ಮಾರ್ಚ್‌ನಲ್ಲಿ ಸರಿ, ಜುಲೈನಲ್ಲಿ ತಪ್ಪು

ಜಾವಾದಲ್ಲಿ ಕೈಯಾರೆ ಬರೆದ ಈಕ್ವಲ್ಸ್ ಇದ್ದರೆ ಈ ವಿಚಿತ್ರ ಕಾಣುತ್ತದೆ. ಹೂಮಳೆಯ ತಿಂಗಳ ಸಣ್ಣ ಅಳತೆಗಳೆಲ್ಲ ಸಮ ಎಂದು ಬರುತ್ತವೆ. ಮುಂಗಾರಿನ ದೊಡ್ಡ ಅಳತೆಗಳು ಬರುವುದಿಲ್ಲ. ಗಡಿ ಎಲ್ಲಿದೆ ಎಂದು ನೋಡಿದರೆ 127 ಸೆಂಟು, ಅಂದರೆ ಒಂದೂಕಾಲು ಇಂಚಿಗಿಂತ ಚೂರು ಹೆಚ್ಚು.

ಮಳೆಗೂ ಇದಕ್ಕೂ ಸಂಬಂಧವಿಲ್ಲ. ಜಾವಾ −128ರಿಂದ 127ರವರೆಗಿನ ಇಂಟಿಜರ್ ಆಬ್ಜೆಕ್ಟ್‌ಗಳನ್ನು ಮೊದಲೇ ಮಾಡಿಟ್ಟುಕೊಂಡು ಎಲ್ಲರಿಗೂ ಅವನ್ನೇ ಕೊಡುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಸಾಮಾನ್ಯವಾಗಿ ಹೊಸ ಆಬ್ಜೆಕ್ಟ್. ನೀವು ಈಕ್ವಲ್ಸ್ ಒಳಗೆ ಸೆಂಟುಗಳನ್ನು == ಹಾಕಿ ಹೋಲಿಸಿದ್ದೀರಿ, ಸಣ್ಣ ಸಂಖ್ಯೆಯಲ್ಲಿ ಅದು ಅದೃಷ್ಟದಿಂದ ನಡೆದಿದೆ. ಸಣ್ಣ ಸಂಖ್ಯೆಗಳನ್ನು ಮಾತ್ರ ಕೊಟ್ಟು ಪರೀಕ್ಷೆ ಬರೆದಿದ್ದರೆ ಅವೆಲ್ಲ ಪಾಸಾಗಿರುತ್ತವೆ. ಪೈಥಾನ್‌ನಲ್ಲಿ ಸಂಖ್ಯೆ, ಪಠ್ಯಗಳಿಗೆ "ಈಸ್" ಬಳಸಿದರೂ ಇದೇ ಬಗೆಯ ಆಕಸ್ಮಿಕ ಯಶಸ್ಸು ಸಿಗುತ್ತದೆ, 3.8ನೇ ಆವೃತ್ತಿಯಿಂದ ನೇರವಾಗಿ ಬರೆದ ಸಂಖ್ಯೆ, ಪಠ್ಯಗಳ ಜೊತೆ ಅದನ್ನು ಬಳಸಿದರೆ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆಯನ್ನು ಮುಚ್ಚಿಹಾಕಬೇಡಿ.

ಲಕ್ಷಣ: ಮಾಪಕ ಕೆಟ್ಟ ದಿನಗಳು ಮಾತ್ರ ಎರಡೆರಡು ಸಲ ಉಳಿಯುತ್ತವೆ

ಅಳತೆ ಇಲ್ಲದ ದಿನಕ್ಕೆ "ಸಂಖ್ಯೆಯಲ್ಲ" ಎಂಬ ಅರ್ಥದ ನ್ಯಾನ್ ಬರೆದಿದ್ದೀರಿ. ನ್ಯಾನ್ ತನಗೆ ತಾನೇ ಸಮವಲ್ಲ. ಪೈಥಾನ್ ಟ್ಯೂಪಲ್ ಮಾತ್ರ ಒಂದು ಅಡ್ಡದಾರಿ ಹಿಡಿಯುತ್ತದೆ: ಎರಡು ಕಡೆಯೂ ಅದೇ ಆಬ್ಜೆಕ್ಟ್ ಇದ್ದರೆ ಕೇಳದೆಯೇ ಸಮ ಎಂದುಕೊಳ್ಳುತ್ತದೆ. ಹೀಗಾಗಿ ಒಂದೇ ನ್ಯಾನ್ ಹಂಚಿಕೊಂಡ ಟ್ಯೂಪಲ್‌ಗಳು ಸಮ, ಬೇರೆ ಬೇರೆ ಕಡತದಿಂದ ಬಂದ ನ್ಯಾನ್‌ಗಳಿರುವವು ಅಲ್ಲ. ಪೈಥಾನ್‌ನಲ್ಲಿ ಖಾಲಿ ದಿನಕ್ಕೆ ನನ್ ಎಂಬ ಖಾಲಿ ಮೌಲ್ಯವನ್ನೇ ಬಳಸಿ. ಡೇಟಾಬೇಸ್‌ಗೆ ಹೋದ ಮೇಲೆ ಅದು ನಲ್ ಆಗುತ್ತದೆ, ಅಲ್ಲಿ ನಲ್‌ಗೆ ನಲ್ ಸಮವಲ್ಲ ಎಂಬುದನ್ನು ನೆನಪಿಡಿ.

ಲಕ್ಷಣ: == ನಿಜ ಎನ್ನುತ್ತದೆ, ಸೆಟ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ

ಇಲ್ಲಿಂದ ಕೆಲಸ ಸ್ವಲ್ಪ ಗಟ್ಟಿ. ಸೆಟ್ (ಪುನರಾವರ್ತನೆ ಇಲ್ಲದ ಸಂಗ್ರಹ) ಮತ್ತು ಮ್ಯಾಪ್‌ಗಳು (ಕೀಲಿಯಿಂದ ಮೌಲ್ಯ ಹುಡುಕುವ ಸಂಗ್ರಹ) ಮೊದಲು ಹ್ಯಾಶ್ ನೋಡಿ ಯಾವ ಗೂಡು ಎಂದು ನಿರ್ಧರಿಸುತ್ತವೆ, ಸಮತೆಯನ್ನು ಆ ಗೂಡಿನೊಳಗೆ ಮಾತ್ರ ಕೇಳುತ್ತವೆ. ಸಮವಾದ ಎರಡು ವಸ್ತುಗಳ ಹ್ಯಾಶ್ ಒಂದೇ ಆಗಿರಲೇಬೇಕು. ಎರಡೂ ಹ್ಯಾಶ್‌ಗಳನ್ನು ಮುದ್ರಿಸಿ ನೋಡಿ.

ಬೇರೆ ಬಂದರೆ, ಟ್ಯೂಪಲ್ ಒಳಗಿನ ಯಾವುದೋ ಕ್ಲಾಸ್‌ನಲ್ಲಿ ಈಕ್ವಲ್ಸ್ ಬರೆದು ಹ್ಯಾಶ್ ಬಿಟ್ಟಿದ್ದೀರಿ. ಜಾವಾ ಏನೂ ಹೇಳದೆ ನಡೆಯುತ್ತದೆ. ಸಿ ಶಾರ್ಪ್ ಕಂಪೈಲರ್ ಎಚ್ಚರಿಕೆ ಕೊಡುತ್ತದೆ. ಪೈಥಾನ್ ಆ ಕ್ಲಾಸ್‌ನ ಹ್ಯಾಶ್ ಸೌಲಭ್ಯವನ್ನೇ ತೆಗೆದುಬಿಡುತ್ತದೆ, ಸೆಟ್‌ಗೆ ಸೇರಿಸಲು ಹೋದರೆ ದೋಷ ಎಸೆಯುತ್ತದೆ. ನನಗೆ ಪೈಥಾನ್‌ನ ನಡವಳಿಕೆಯೇ ಹೆಚ್ಚು ಇಷ್ಟ. ತಪ್ಪು ಬೇಗ ಗೊತ್ತಾಗುವುದು ಉಪಕಾರ. ಅದರ ಡೇಟಾಕ್ಲಾಸ್ ಕೂಡ ಸಮತೆಯನ್ನು ತಾನೇ ಬರೆದುಕೊಡುತ್ತದೆ, ಹ್ಯಾಶ್ ಬೇಕಾದರೆ ಅದನ್ನು ಬದಲಾಗದಂತೆ "ಫ್ರೋಜನ್" ಎಂದು ಘೋಷಿಸಬೇಕು.

ಹ್ಯಾಶ್ ಈಗ ಒಂದೇ ಬಂದರೂ ಸಿಗದಿದ್ದರೆ, ಸೆಟ್‌ಗೆ ಹಾಕಿದ ಮೇಲೆ ಆ ವಸ್ತುವನ್ನು ಯಾರೋ ಬದಲಿಸಿದ್ದಾರೆ. ಅದು ಹಳೆಯ ಹ್ಯಾಶ್‌ನ ಗೂಡಿನಲ್ಲಿ ಕುಳಿತಿದೆ, ನೀವು ಹೊಸ ಗೂಡಿನಲ್ಲಿ ಹುಡುಕುತ್ತಿದ್ದೀರಿ. ಟ್ಯೂಪಲ್ ಬದಲಾಗದು ಎಂಬ ನಂಬಿಕೆ ಹೊರಗಿನ ಪಾತ್ರೆಗೆ ಮಾತ್ರ ನಿಜ. ಒಳಗಿಟ್ಟ ಆಬ್ಜೆಕ್ಟ್ ಬದಲಾಗಬಹುದು.

ಜಾವಾ ರೆಕಾರ್ಡ್ ಅಥವಾ ಕಾಟ್ಲಿನ್ ಡೇಟಾ ಕ್ಲಾಸ್ ಒಳಗೆ ಅರೇ ಇಟ್ಟವರಿಗೂ ಇದೇ ಗೋಳು. ಅರೇಯನ್ನು ಗುರುತಿನಿಂದಲೇ ಹೋಲಿಸಲಾಗುತ್ತದೆ. ಅರೇ ಬದಲು ಬದಲಾಗದ ಲಿಸ್ಟ್ ಇಡಿ. ಪೈಥಾನ್ ಟ್ಯೂಪಲ್ ಒಳಗೆ ನಂಪೈ (ಸಂಖ್ಯೆಗಳ ಲೆಕ್ಕದ ಲೈಬ್ರರಿ) ಅರೇ ಇದ್ದರೆ ಸುಳ್ಳು ಎಂದೂ ಬರದು, "ನಿಜವೋ ಸುಳ್ಳೋ ಹೇಳಲಾಗದು" ಎಂಬ ಅರ್ಥದ ದೋಷ ಬರುತ್ತದೆ, ಏಕೆಂದರೆ ಅದರ == ಒಂದು ಉತ್ತರದ ಬದಲು ಉತ್ತರಗಳ ಅರೇಯನ್ನೇ ಕೊಡುತ್ತದೆ.

ಎಚ್ಚರಿಕೆ: ಹ್ಯಾಶ್ ಸಂಖ್ಯೆಯನ್ನು ಡೇಟಾಬೇಸ್‌ನಲ್ಲಿ ಉಳಿಸಬೇಡಿ. ಪೈಥಾನ್ 3.3ರಿಂದ ಪಠ್ಯಗಳ ಹ್ಯಾಶ್ ಪ್ರೋಗ್ರಾಂ ಶುರುವಾದಾಗಲೆಲ್ಲ ಬದಲಾಗುತ್ತದೆ. ಇಂದು ಉಳಿಸಿದ್ದು ನಾಳೆ ಹೊಂದುವುದಿಲ್ಲ.

ಲಕ್ಷಣ: ಸಮ ಎಂದು ಬಂತು, ಬರಬಾರದಿತ್ತು

ಹೊಂದದ ಸಾಲು ಪಟ್ಟಿಯಲ್ಲಿ ಕಾಣುತ್ತದೆ. ತಪ್ಪಾಗಿ ಹೊಂದಿದ ಸಾಲು ಸದ್ದಿಲ್ಲದೆ ಮಾಯವಾಗುತ್ತದೆ. ಆದ್ದರಿಂದ ಇದು ಹೆಚ್ಚು ಅಪಾಯಕಾರಿ.

ಪೈಥಾನ್‌ನ ನೇಮ್ಡ್‌ಟ್ಯೂಪಲ್ ತನ್ನ ಹೆಸರನ್ನು ಹೋಲಿಕೆಯಲ್ಲಿ ನೋಡುವುದಿಲ್ಲ. "ಮಳೆ" ಎಂಬ ಬಗೆಯ (12, 250) ಮತ್ತು "ಚೀಲ" ಎಂಬ ಬಗೆಯ (12, 250) ಅದಕ್ಕೆ ಸಮ. ಡೇಟಾಕ್ಲಾಸ್ ಆದರೆ ಬಗೆ ಬೇರೆಯಾದ ಕೂಡಲೇ ಅಲ್ಲ ಎನ್ನುತ್ತದೆ. ಸಿ ಶಾರ್ಪ್ ಟ್ಯೂಪಲ್ ಕೂಡ ಅಂಶಗಳ ಹೆಸರನ್ನು ಲೆಕ್ಕಿಸುವುದಿಲ್ಲ, ಸ್ಥಾನ ಮಾತ್ರ. ಪೈಥಾನ್‌ಗೆ 1, 1.0 ಮತ್ತು ಟ್ರೂ ಮೂರೂ ಸಮ, ಇದನ್ನೂ ಮನಸ್ಸಿನಲ್ಲಿಡಿ.

ಇನ್ನೊಂದು ಬಗೆಯ ತಪ್ಪು ಕೋಡ್‌ನಲ್ಲಿ ಇರುವುದೇ ಇಲ್ಲ. ನಾಪೋಕ್ಲು ಕಡೆಯ ಬೆಳೆಗಾರರೊಬ್ಬರು ತಮ್ಮ ಏಪ್ರಿಲ್ ತಿಂಗಳ ಮೊತ್ತದಲ್ಲಿ ಅರ್ಧ ಇಂಚು ಕಡಿಮೆ ಇದೆ ಎಂದು ಕರೆ ಮಾಡಿದರು. "ಆ ದಿನ ಮಧ್ಯಾಹ್ನ ಒಂದು ಮಳೆ, ರಾತ್ರಿ ಒಂದು ಮಳೆ. ಎರಡೂ ಐವತ್ತು ಸೆಂಟು. ನಾನು ಎರಡು ಸಾಲು ಬರೆದಿದ್ದೇನೆ, ನೀವು ಒಂದನ್ನೇ ಇಟ್ಟುಕೊಂಡಿದ್ದೀರಿ" ಎಂದರು. ಅವರ ಪುಸ್ತಕವೇ ಸರಿ. ಊರು, ದಿನಾಂಕ, ಸೆಂಟು ಮೂರೂ ಒಂದೇ ಆಗಿದ್ದ ಕಾರಣ ಪ್ರೋಗ್ರಾಂ ಎರಡು ಮಳೆಯನ್ನು ಒಂದು ಮಾಡಿತ್ತು. ಹೋಲಿಕೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಟ್ಯೂಪಲ್‌ನಲ್ಲಿ ಅಂಶಗಳು ಸಾಲದಾಗಿದ್ದವು. ಈಗ ಅಳೆದ ಹೊತ್ತು ಮತ್ತು ಮಾಪಕದ ಸಂಖ್ಯೆ ಎರಡೂ ಸೇರಿವೆ. ನಿಮ್ಮ ಟ್ಯೂಪಲ್ ಅನ್ನು ಸೆಟ್‌ಗೆ ಹಾಕುವ ಮೊದಲು ಕೇಳಿಕೊಳ್ಳಿ: ಈ ಅಂಶಗಳೆಲ್ಲ ಒಂದೇ ಆಗಿಯೂ ನಿಜದಲ್ಲಿ ಎರಡು ಘಟನೆ ಇರಲು ಸಾಧ್ಯವೇ?

ಲಕ್ಷಣ: ಎಡದಿಂದ ಕೇಳಿದರೆ ಹೌದು, ಬಲದಿಂದ ಕೇಳಿದರೆ ಅಲ್ಲ

"ಮಳೆ ದಾಖಲೆ" ಎಂಬ ಕ್ಲಾಸ್‌ನಿಂದ "ಎತ್ತರ ಸಹಿತ ಮಳೆ ದಾಖಲೆ" ಎಂಬ ಉಪಕ್ಲಾಸ್ ಮಾಡಿದ್ದೀರಿ. ತಾಯಿ ಕ್ಲಾಸ್‌ಗೆ ಎತ್ತರ ಗೊತ್ತಿಲ್ಲ, ಸಮ ಎನ್ನುತ್ತದೆ. ಉಪಕ್ಲಾಸ್ ಎತ್ತರ ಕೇಳುತ್ತದೆ, ಅಲ್ಲ ಎನ್ನುತ್ತದೆ. ಜಾವಾದ ಈಕ್ವಲ್ಸ್ ನಿಯಮ ಎರಡೂ ದಿಕ್ಕಿನಲ್ಲಿ ಒಂದೇ ಉತ್ತರ ಬೇಕು ಎನ್ನುತ್ತದೆ. ಉತ್ತರ ಬದಲಾದರೆ ಲಿಸ್ಟ್‌ನಲ್ಲಿ ಹುಡುಕಿದ ಫಲಿತಾಂಶ ಯಾರು ಯಾರನ್ನು ಕೇಳಿದರು ಎಂಬುದರ ಮೇಲೆ ನಿಲ್ಲುತ್ತದೆ. ಮೌಲ್ಯ ಹೊತ್ತ ಕ್ಲಾಸ್‌ಗಳಿಗೆ ಉಪಕ್ಲಾಸ್ ಮಾಡಲೇಬೇಡಿ. ಹಳೆಯದನ್ನು ಹೊಸದರೊಳಗೆ ಒಂದು ಅಂಶವಾಗಿ ಇಡಿ. ಜಾವಾ ರೆಕಾರ್ಡ್‌ನಿಂದ ಉಪಕ್ಲಾಸ್ ಮಾಡಲು ಭಾಷೆಯೇ ಬಿಡುವುದಿಲ್ಲ.

ಎಲ್ಲಿ ನಿಲ್ಲಿಸಬೇಕು

ಟ್ಯೂಪಲ್ ಬಿಚ್ಚಿ ನೋಡಿದಾಗ ತಪ್ಪಿತಸ್ಥ ಅಂಶ ನಿಮ್ಮದಲ್ಲದ ಲೈಬ್ರರಿಯ ಕ್ಲಾಸ್ ಆಗಿದ್ದರೆ ಅಲ್ಲೇ ನಿಲ್ಲಿಸಿ, ಅದನ್ನು ನಿಭಾಯಿಸುವವರನ್ನು ಕೇಳಿ. ಡೇಟಾಬೇಸ್ ಪದರ ಕೊಡುವ ಆಬ್ಜೆಕ್ಟ್‌ಗಳು ಕೆಲವೊಮ್ಮೆ ನಿಜವಾದ ಕ್ಲಾಸ್‌ನವಾಗಿರದೆ ಅದರ ಪ್ರತಿನಿಧಿಗಳಾಗಿರುತ್ತವೆ. ಕ್ಲಾಸ್ ಒಂದೇ ಇದೆಯೇ ಎಂದು ನೋಡುವ ಈಕ್ವಲ್ಸ್ ಅಲ್ಲಿ ಸೋಲುತ್ತದೆ, ಒಬ್ಬರೇ ಕುಳಿತು ಸರಿಪಡಿಸುವ ಮಾತಲ್ಲ. ಹೋಲಿಕೆ ಮುಗಿಯದೆ ಸ್ಟ್ಯಾಕ್ (ನಡೆಯುತ್ತಿರುವ ಕರೆಗಳ ನೆನಪಿನ ಜಾಗ) ತುಂಬಿ ಬಿದ್ದರೆ ಆಬ್ಜೆಕ್ಟ್‌ಗಳು ಒಂದನ್ನೊಂದು ಸುತ್ತಿಕೊಂಡಿವೆ ಎಂದರ್ಥ, ವಿನ್ಯಾಸವನ್ನೇ ಬದಲಿಸಬೇಕು. ಅನೇಕರು ಬಳಸುತ್ತಿರುವ ಕ್ಲಾಸ್‌ನ ಸಮತೆಯನ್ನು, ಅದರ ಮೇಲೆ ಯಾರು ಯಾರು ನಿಂತಿದ್ದಾರೆ ಎಂದು ತಿಳಿಯದೆ ಬದಲಿಸಬೇಡಿ.

ಎರಡು ಸಾಲು ಬೇರೆ ಎಂದು ಖಚಿತವಾಗಿ, ಯಾವುದು ನಿಜ ಎಂಬುದು ಮಾತ್ರ ಉಳಿದರೆ ಅದಕ್ಕೆ ಉತ್ತರ ಕೋಡ್‌ನಲ್ಲಿ ಇಲ್ಲ. ನಾಪೋಕ್ಲಿನ ಆ ಸಾಲನ್ನು ಮರಳಿ ಸೇರಿಸುವ ಮೊದಲು ನಾನು ತೋಟಕ್ಕೇ ಹೋದೆ. ಅವರು ಮಳೆ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರು: ಒಂದೇ ದಿನಾಂಕದ ಎದುರು ಎರಡು ಸಲ 50, ಎರಡನೆಯದರ ಪಕ್ಕದಲ್ಲಿ "ರಾತ್ರಿ" ಎಂದು ಬರೆದಿತ್ತು.